ಖುಂಟಿಗೆ ತೆಂಗಿನೆಣ್ಣೆ

ಮೊದಲು ತಪ್ಪೊಪ್ಪಿಗೆ. ನಮ್ಮ ಅವ್ವನ ತಂಬೂರಿಯ ಖುಂಟಿಗಳಿಗೆ ತೆಂಗಿನೆಣ್ಣೆ ಹಚ್ಚಿದವನು ನಾನು. ತಂತಿ ಸುತ್ತಿಕೊಳ್ಳುವ ಆ ನಾಲ್ಕೂ ಕಟ್ಟಿಗೆಯ ಬಿರಡೆಗಳಿಗೆ ಹತ್ತಿ ಅದ್ದಿ, ಕೂಸಿನ ನೆತ್ತಿಗೆ ಹಚ್ಚುವಷ್ಟು ಪ್ರೀತಿಯಿಂದ, ತಿಕ್ಕಿ ತಿಕ್ಕಿ ಹಚ್ಚಿದೆ. ಇದನ್ನು ಓದಿ ನಿಮಗೆ ಏನೂ ಅನ್ನಿಸಲಿಲ್ಲವೇ? ಹಾಗಾದರೆ ನೀವು ನನ್ನ ಪೈಕಿ. ನಿಮ್ಮ ಬಾಯಿಂದ "ಅಯ್ಯೋ ಪಾಪಿ!" ಎಂಬ ಉದ್ಗಾರ ಹೊರಟಿತೇ? ಹಾಗಾದರೆ ನೀವು ನಮ್ಮ ಕಾಕಾನ ಪೈಕಿ. ನಿಮ್ಮಂಥವರು ಪುಣೆಯಲ್ಲಿ ಒಬ್ಬರೇ ಇದ್ದಾರೆ ಎಂದುಕೊಂಡಿದ್ದೆ.

ನಮ್ಮ ಕಾಕಾ ಹುಟ್ಟಿದಾಗ ಅಳಲಿಲ್ಲವಂತೆ, ಸೂಲಗಿತ್ತಿಯನ್ನು ಬೈದರಂತೆ. ನಮ್ಮ ಬಳಗದಲ್ಲೆಲ್ಲ ಈ ಮಾತು ಓಡಾಡುತ್ತದೆ. ಹುಟ್ಟಿಸಿದವನೂ ನಾನೇ. ಆದರೆ ಇಷ್ಟು ವರ್ಷಗಳಲ್ಲಿ ಇದು ಸುಳ್ಳೆಂದು ಒಬ್ಬರೂ ವಾದಿಸಿಲ್ಲ ಎಂಬುದನ್ನು ಗಮನಿಸಬೇಕು! ಕಾಕಾ ಎಂದರೆ ಅಪ್ಪನ ಖಾಸಾ ತಮ್ಮ. ಅಪ್ಪ ಬಾಗಲಕೋಟೆ ಕಡೆಯಿಂದ ಬಟ್ಟೆ ವ್ಯಾಪಾರಕ್ಕೆ ಪುಣೆಗೆ ಬಂದರೆ, ಕಾಕಾ ದಾರಿಯಲ್ಲಿ ಮೀರಜಿನಲ್ಲೇ ಇಳಿದು, ಸಿತಾರು ತಂಬೂರಿ ಮಾಡುವ ಒಬ್ಬ ಮುದುಕರ ಕೈಕೆಳಗೆ ಹತ್ತು ವರ್ಷ ಕೂತು, ಆಮೇಲೆ ಪುಣೆ ಸೇರಿದರು. ಮುದುಕರು ಕೆಲಸ ಕಲಿಸಿದರು. ಸಿಟ್ಟನ್ನು ಕಾಕಾ ಮನೆಯಿಂದಲೇ ತಂದಿದ್ದರು.

ಇನ್ನು ನಾನು. ಮಗರಪಟ್ಟಾದ ಒಂದು ಆಫೀಸಿನಲ್ಲಿ ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವವನು. ಜೀವಕ್ಕೆ ಖುಷಿಯಾಗುವುದು ಮಾತ್ರ ಬೇರೆಯವರ ದನಿ ಕದಿಯುವುದರಲ್ಲಿ. ನಮ್ಮ ಮ್ಯಾನೇಜರು ರಜೆ ನಿರಾಕರಿಸುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಸೊಸೈಟಿಯ ವಾಚ್‌ಮನ್ ಆಕಳಿಸುತ್ತಲೇ ಸಲಾಮು ಹೊಡೆಯುವುದು, ಮೂರನೇ ಸೀಟಿಗೆ ಮೊದಲು ಕುಕ್ಕರು ಉಸಿರೆಳೆದುಕೊಳ್ಳುವುದು, ಎಲ್ಲ ನನ್ನ ಬಾಯಲ್ಲಿವೆ. ನನ್ನ ಸ್ವಂತ ದನಿಯನ್ನು ಒಮ್ಮೆ ಫೋನಿನಲ್ಲಿ ಕೇಳಿದ್ದೆ. ನೆಗಡಿಯಾದ ಆಡು! ಅಂದಿನಿಂದ ಎರವಲಿನ ಮೇಲೇ ಜೀವನ.

ಕಾಕಾನ ಅಂಗಡಿ ಕೊಂಢವಾದಲ್ಲಿದೆ. ಎಡಕ್ಕೆ ಸಿಮೆಂಟಿನ ಗೋದಾಮು, ಬಲಕ್ಕೆ ಟೈಲ್ಸ್ ಕತ್ತರಿಸುವವನು. ಈ ಎರಡರ ನಡುವೆ, ಒಂದು ಎಮ್ಮೆ ಅಡ್ಡ ಮಲಗಿದರೆ ತುಂಬಿಹೋಗುವಷ್ಟು ಜಾಗ. ಬಾಗಿಲ ಮೇಲೆ ಕೈಯಿಂದ ಬರೆದ ಫಲಕ, ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ: "ಇಲ್ಲಿ ಬರೇ ತಂತಿ ಹಾಕಿ ಕೊಡೂದಿಲ್ಲ. ಅರ್ಜೆಂಟ್ ಇದ್ದವರು ಹಾರ್ಮೋನಿಯಂ ಕಲೀರಿ." ಟೈಲ್ಸಿನವನ ಜೊತೆ ಕಾಕಾನ ಜಗಳ ಧೂಳಿಗಾಗಿ ಎಂದುಕೊಂಡಿರಾ? ಅಲ್ಲ. ಅವನ ಮಷೀನು ಎರಡು ಸ್ವರಗಳ ನಡುವೆ ನಿಂತು ಕೂಗುತ್ತದೆಂದು! "ಒಂದಾ ಮ್ಯಾಲ ಹೋಗು, ಇಲ್ಲಾ ಕೆಳಗ ಬಾ! ನಡುವ ನಿಂತು ಯಾಕ ಜೀವಾ ತಿಂತಿ?" ಎಂದು ಇವರು ಕನ್ನಡದಲ್ಲಿ ಬೈಯುತ್ತಾರೆ. ಅವನು ಹಿಂದಿಯಲ್ಲಿ ಕ್ಷಮೆ ಕೇಳುತ್ತಾನೆ, ಯಾತಕ್ಕೆಂದು ಗೊತ್ತಿಲ್ಲದೆ.

ಫೋನಿನಲ್ಲಿ ಕಾಕಾ ಹಲೋ ಎನ್ನುವುದಿಲ್ಲ. "ಬಾರಸ್ರಿ" ಎನ್ನುತ್ತಾರೆ. ವಾದ್ಯ ಕೈಯಲ್ಲಿಲ್ಲ ಎಂದರೆ "ಬಾಯಿಲೇ ಮಾಡಿ ತೋರಸ್ರಿ." ಮರ್ಯಾದಸ್ಥ ಮಂದಿ, ಬ್ಯಾಂಕಿನ ಅಧಿಕಾರಿಗಳು, ಮೊಮ್ಮಕ್ಕಳಿರುವ ಅಜ್ಜಿಯರು, ಫೋನಿನಲ್ಲಿ "ಟ್ಯಾಂವ್ ಟ್ಯಾಂವ್", "ಝುಂಯ್ ಝುಂಯ್", "ಭರ್ರ್" ಎಂದು ಹೊರಡಿಸುವುದನ್ನು ನಾನು ಸ್ಪೀಕರಿನಲ್ಲಿ ಕೇಳಿದ್ದೇನೆ. ಕಾಕಾ ಕಣ್ಣು ಮುಚ್ಚಿ ಕೇಳಿ, "ಮೂರನೇ ತಂತಿ ಕುದುರಿ ಮ್ಯಾಲ ಗಟಾರ ಕೊರದದ" ಎನ್ನುತ್ತಾರೆ. ಕುದುರೆ ಎಂದರೆ ತಂತಿಗಳು ಹಾಯ್ದುಹೋಗುವ, ಎಲುಬಿನ ಹೊದಿಕೆಯ ಮಣೆ. ವಾದ್ಯ ಅಂಗಡಿಗೆ ಬಂದಾಗ ನೋಡಿದರೆ ಮೂರನೇ ತಂತಿ, ಗಟಾರ, ಎರಡೂ ಅಲ್ಲೇ ಇರುತ್ತವೆ.

ಅವರ ಸಿಟ್ಟಿಗೆಲ್ಲ ಕಾರಣ ಒಂದೇ. ಜನ ವಾದ್ಯ ಕೊಳ್ಳುತ್ತಾರೆ, ಹೊಂದಿಸಿಕೊಳ್ಳುವುದಿಲ್ಲ. ಚಪ್ಪಲಿ ಕೊಂಡರೆ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ. ಕುಪ್ಪಸ ಹೊಲಿಸಿದರೆ ಮೂರು ಸಲ ಬಿಚ್ಚಿಸುತ್ತಾರೆ. ವಾದ್ಯ ಮಾತ್ರ ಡಬ್ಬಿಯಿಂದ ತೆಗೆದ ಕೂಡಲೇ ನುಡಿಯಬೇಕು! ನುಡಿಯದಿದ್ದರೆ ತಪ್ಪು ಯಾರದು? ಕಲಿಯುವವರದು! ಇಲ್ಲಿ ನನಗೂ ಸಿಟ್ಟು ಬರುತ್ತದೆ. ಆ ಸಿಟ್ಟು ಎಲ್ಲಿ ಹಿಡಿದುಕೊಂಡಿತೆಂದು ಹೇಳುತ್ತೇನೆ.

ಒಂದು ಭಾನುವಾರ ಮಗರಪಟ್ಟಾದಿಂದ ಒಬ್ಬರು ಬಂದರು. ಬೆಂಗಳೂರಿನವರು, ನಮ್ಮ ಐಟಿ ಜಾತಿಯವರೇ. ಒಂದು ಕೈಯಲ್ಲಿ ಗಿಟಾರು, ಇನ್ನೊಂದರಲ್ಲಿ ಹತ್ತು ವರ್ಷದ ಮಗಳು.

"ಅಂಕಲ್, ಜಸ್ಟ್ ಸ್ಟ್ರಿಂಗ್ಸ್ ಚೇಂಜ್ ಮಾಡ್ಕೊಡಿ ಸಾಕು. ಸೇಲ್‌ಗೆ ಹಾಕ್ತಾ ಇದೀವಿ. ಇವಳಿಗೆ ಇಂಟರೆಸ್ಟೇ ಇಲ್ಲ. ಟ್ಯಾಲೆಂಟ್ ಇಲ್ದೆ ಫೋರ್ಸ್ ಮಾಡಬಾರದು, ಅಲ್ವಾ?"

ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು. ಕಾಕಾ ಗಿಟಾರು ನೋಡಲಿಲ್ಲ, ಅವಳನ್ನು ನೋಡಿದರು.

"ಕೈ ತೋರಸವ್ವಾ."

ಎಡಗೈಯ ನಾಲ್ಕು ಬೆರಳ ತುದಿಗೂ ಪಟ್ಟಿ. ಕಾಕಾನ ಮೂಗಿನ ಹೊಳ್ಳೆಗಳು ಅರಳಿದವು. ಚಾಳೀಸಿನ ಕನ್ನಡಕ ತಾನಾಗಿಯೇ ಹಣೆಗೆ ಏರಿತು. (ಇದನ್ನು ನಾನು ಬಹಳ ಚೆನ್ನಾಗಿ ಮಾಡಿ ತೋರಿಸುತ್ತೇನೆ.) ಗಿಟಾರನ್ನೆತ್ತಿ, ಒಂದು ಕಣ್ಣು ಮುಚ್ಚಿ, ಬಂದೂಕಿನಂತೆ ಗುರಿ ಹಿಡಿದು ನೋಡಿದರು. ತಂತಿಗಳು ಎಷ್ಟು ಎತ್ತರದಲ್ಲಿದ್ದವೆಂದರೆ ನನ್ನ ಕಿರುಬೆರಳು ಅವುಗಳ ಕೆಳಗೆ ಚಾಪೆ ಹಾಸಿ ಮಲಗಬಹುದಿತ್ತು.

"ಕೂಡ್ರಿ" ಎಂದರು ತಂದೆಗೆ. "ಇಲ್ಲೆ ಒತ್ರಿ. ಹಿಂಗ. ಪೂರಾ ಒತ್ತಿ ಹಿಡೀರಿ. ಬಿಡಬ್ಯಾಡ್ರಿ."

"ಎಷ್ಟೊತ್ತು ಅಂಕಲ್?"

"ಆಕಿ ದಿನಾ ಎಷ್ಟೊತ್ತು ಹಿಡೀತಾಳ?"

"ಹಾಫ್ ಆನ್ ಅವರ್."

"ಹಂಗಾರ ಅರ್ಧಾ ತಾಸು."

ಆರು ನಿಮಿಷಕ್ಕೆ ಆ ಮನುಷ್ಯ ಬೆವರಿದರು. ಏಳಕ್ಕೆ, "ಸಾಕು ಅಂಕಲ್, ಬೆರಳು ಕಟ್ ಆಗ್ತಾ ಇದೆ" ಎಂದರು.

"ನಿಮಗ ಇಂಟರೆಸ್ಟ ಇಲ್ರೀ" ಎಂದರು ಕಾಕಾ. "ನಿಮ್ಮನ್ನ ಸೇಲ್‌ಗೆ ಹಾಕೂಣೇನು?"

ಆಮೇಲೆ ಎರಡು ತಾಸು ಕೂತು ತಂತಿ ಇಳಿಸಿದರು, ಕತ್ತು ನೆಟ್ಟಗೆ ಮಾಡಿದರು, ಕೊರೆದರು, ಉಜ್ಜಿದರು. ಹುಡುಗಿ ಬೆರಳಿಟ್ಟಳು. ತಂತಿಗಳು ಬೆಣ್ಣೆಯಂತೆ ಬಗ್ಗಿ, ಎಲ್ಲವೂ ಕೂಡಿ ನುಡಿದವು. ಅವಳು ನಕ್ಕಳೆಂದು ನಾನು ಬರೆಯಬೇಕು. ನಗಲಿಲ್ಲ. ತಿರುಗಿ ತಂದೆಯನ್ನು ನೋಡಿದಳು. ಆ ಕಣ್ಣಲ್ಲಿದ್ದದ್ದು ಅಪ್ಪಟ ಸಿಟ್ಟು. ಇಷ್ಟು ಸುಲಭವಿತ್ತೇ? ಹಾಗಾದರೆ ಆರು ತಿಂಗಳು ನೀವೆಲ್ಲ ನನ್ನನ್ನು ದಡ್ಡಿ ಎಂದದ್ದು?

"ಮನಷ್ಯಾ ಮದಲ ತಂತೀನ ನಂಬ್ತಾನ" ಎಂದರು ಕಾಕಾ, ಅವರು ಹೋದ ಮೇಲೆ. "ತಂತಿ ಸುಳ್ಳ ಹೇಳಿದ್ರ, ತಾನ ಸುಳ್ಳ ಅನ್ಕೋತಾನ. ಆಮ್ಯಾಲ ವಾದ್ಯಾ ಮೂಲಿಗೆ ಹೋಗ್ತದ. ಮನಷ್ಯಾನೂ."

ಇಂಥ ಕಾಕಾ ನಮ್ಮ ಮನೆಯ ತಂಬೂರಿಯನ್ನು ಹೇಗೆ ಬಿಟ್ಟರು ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ! ಅದಕ್ಕೆ ಎರಡು ಕಾರಣ. ಮೊದಲನೆಯದು ಅವರ ನಿಯಮ: ನುಡಿಸುವವರೇ ವಾದ್ಯ ತರಬೇಕು, ಅಂಗಡಿಯಲ್ಲಿ ಕೂತು ನುಡಿಸಬೇಕು. ಮಗನ ಕೈಯಲ್ಲಿ, ಡ್ರೈವರಿನ ಕೈಯಲ್ಲಿ ಕಳಿಸಿದರೆ ಹಾಗೇ ವಾಪಸು. ಅವ್ವನಿಗೋ, ಮನೆಯವರ ಕೆಲಸಕ್ಕೆಂದು ಭಾವಜಿಗೆ, ಅಂದರೆ ಮೈದುನನಿಗೆ, ಯಾಕೆ ತ್ರಾಸ ಕೊಡುವುದು ಎಂಬ ಸಂಕೋಚ. ಎರಡನೆಯದು, ಕಾಕಾ ಸಮಾರಂಭಗಳಿಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದು ಮರ್ಯಾದೆಯ ಮಾತು. ಬರಬೇಡಿರೆಂದು ಬಳಗದವರೇ ಕೈಮುಗಿದಿದ್ದರು.

ಅದು ನಮ್ಮ ಅತ್ತೆಯ ಮಗಳ ಮದುವೆ. ಮಂಗಲ ಕಾರ್ಯಾಲಯದ ಮೂಲೆಯ ವೇದಿಕೆಯಲ್ಲಿ ಯಾರೋ ಒಬ್ಬ ತರುಣ ಸಿತಾರು ನುಡಿಸುತ್ತಿದ್ದ. ಕಾಕಾ ಹತ್ತು ನಿಮಿಷ ಸಹಿಸಿದರು. ಅಷ್ಟು ಹೊತ್ತು ಅವರು ಏನನ್ನೂ ಸಹಿಸಿದ ದಾಖಲೆ ಇಲ್ಲ. ಆಮೇಲೆ ಎದ್ದು ಹೋಗಿ ವೇದಿಕೆ ಹತ್ತಿ, "ಭಾವೂ, ಥಾಂಬಾ" ಎಂದು, ತಮ್ಮಾ ನಿಲ್ಲು ಎಂದು, ಸಿತಾರನ್ನು ಅವನ ತೊಡೆಯಿಂದ ತಮ್ಮ ತೊಡೆಗೆ ವರ್ಗಾಯಿಸಿಕೊಂಡರು. ಕತ್ತಿನ ಮೇಲಿನ ಹಿತ್ತಾಳೆಯ ಪಡದೆಗಳನ್ನು ಒಂದೊಂದಾಗಿ ಸರಿಸಿದರು, ತಂತಿ ಎಳೆದರು, ಸಡಿಲಿಸಿದರು. ಮೈಕು ಚಾಲೂ ಇತ್ತು. "ಟುಂಯ್... ಟುಂಯ್... ಥೂ!" ಎಂಬುದು ಇಡೀ ಕಾರ್ಯಾಲಯಕ್ಕೆ ಕೇಳಿಸಿತು. ಗಲಾಟೆಯಲ್ಲಿ ಮುಹೂರ್ತ ಜಾರಿತು. ಅಕ್ಷತೆ ಜನರ ಅಂಗೈಯಲ್ಲಿ ಬೆವೆತು ಅರ್ಧ ಅನ್ನವಾಯಿತು. ವರ ಮಾಲೆ ಹಿಡಿದು ನಿಂತೇ ಇದ್ದ. ಅಪ್ಪ ಹೋಗಿ ರಟ್ಟೆ ಹಿಡಿದು ಎಳೆದಾಗ ಕಾಕಾ ಅದೇ ಮೈಕಿನಲ್ಲಿ ಹೇಳಿದರು: "ಎರಡು ತಂತಿ ಕೂಡಸ್ಲಿಕ್ಕಾಗದವರು ಎರಡು ಮನಿ ಹೆಂಗ ಕೂಡಸ್ತೀರಿ?"

ಬೀಗರು ಇಂದಿಗೂ ಆ ಮಾತಿನ ಅರ್ಥ ಕೇಳುತ್ತಿದ್ದಾರೆ.

ಹೀಗಾಗಿ ಮೂರು ವರ್ಷದ ಹಿಂದೆ, ಹಡಪಸರದ ನಮ್ಮ ಸೊಸೈಟಿಯಲ್ಲಿ ಗಣಪತಿ ಕೂತಾಗ, ಅವ್ವ ದೇವರ ನಾಮ ಹಾಡುವುದೆಂದು ನಿಶ್ಚಯವಾದಾಗ, ಕಾಕಾ ಹತ್ತಿರದಲ್ಲಿರಲಿಲ್ಲ. ನಾನಿದ್ದೆ! ಅವ್ವ ತಂಬೂರಿ ಶ್ರುತಿ ಮಾಡಲು ಕೂತರೆ ಖುಂಟಿಗಳು ಕಿರ್ರೆನ್ನುತ್ತಿದ್ದವು. ಬಾಗಿಲಿನ ತಿರುಗಣಿ ಕಿರ್ರೆಂದರೆ ಏನು ಮಾಡುತ್ತೇವೆ? ಎಣ್ಣೆ ಬಿಡುತ್ತೇವೆ. ಇಂಜಿನಿಯರಿಂಗ್ ಓದಿದ ತಲೆ ಇದು, ನಾಲ್ಕು ವರ್ಷ, ಅಪ್ಪನ ದುಡ್ಡಿನಲ್ಲಿ! ಎಣ್ಣೆ ಹಚ್ಚಿದೆ. ಖುಂಟಿಗಳು ರೇಷ್ಮೆಯಂತೆ ತಿರುಗಿದವು. ಅವ್ವನ ಮುಖ ಅರಳಿತು. ಬಂದವರಿಗೆಲ್ಲ "ನಮ್ಮ ಹುಡುಗ ತಂಬೂರಿ ರಿಪೇರಿ ಮಾಡ್ಯಾನ" ಎಂದು ತಿರುಗಿಸಿ ತೋರಿಸಿದಳು.

ಖುಂಟಿ ಬಿಗಿಯಾಗಿ ಕಚ್ಚಿಕೊಂಡಿರುವುದರಿಂದಲೇ ತಂತಿ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಎಣ್ಣೆ ಕುಡಿದ ಖುಂಟಿ ತಂತಿಯ ಎಳೆತಕ್ಕೆ ಸದ್ದಿಲ್ಲದೆ, ಕೂದಲೆಳೆಯಷ್ಟಷ್ಟೇ, ಹಿಂದಕ್ಕೆ ಜಾರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ತಂಬೂರಿಯನ್ನೇ ನಂಬಿ ಹಾಡುವವರ ದನಿಯನ್ನು ಮಾತ್ರ ಕೈಹಿಡಿದು ಕೆಳಗಿಳಿಸಿಕೊಂಡು ಹೋಗುತ್ತದೆ.

ಅಂದು ಅವ್ವ ಹಾಡಿದಳು. ಮೊದಲ ನುಡಿ ಚೆನ್ನಾಗಿತ್ತು. ಎರಡನೆಯದಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದ ನೆರೆಮನೆಯವರು ಹುಬ್ಬು ಗಂಟಿಕ್ಕಿದರು. ಮೂರನೆಯದಕ್ಕೆ ಹಾರ್ಮೋನಿಯಂ ಒಂದು ಕಡೆ, ಅವ್ವ ಒಂದು ಕಡೆ. ಮಕ್ಕಳು ಕಿಸಕ್ಕೆಂದವು. ಅವ್ವ ಕಣ್ಣು ಮುಚ್ಚಿಕೊಂಡು ತಂಬೂರಿಗೆ ಕಿವಿ ಆನಿಸಿ ಇನ್ನಷ್ಟು ಶ್ರದ್ಧೆಯಿಂದ ಹಾಡಿದಳು. ಇನ್ನಷ್ಟು ಶ್ರದ್ಧೆಯಿಂದ ಇಳಿದಳು.

ಮರುದಿನ ಅದೇ ಮಂಟಪದಲ್ಲಿ ನನ್ನ ಮಿಮಿಕ್ರಿ. ಹೊಸ ಐಟಂ ಬೇಡವೇ? "ನಮ್ಮ ಸೊಸೈಟಿಯ ಲಿಫ್ಟು" ಎಂದು ಶುರು ಮಾಡಿದೆ. ಏಳನೇ ಮಹಡಿಯಲ್ಲಿ ಅವ್ವ ಹಾಡು ಎತ್ತಿಕೊಳ್ಳುತ್ತಾಳೆ. ಆರು, ಐದು, ನಾಲ್ಕು, ದನಿ ಇಳಿಯುತ್ತ ಇಳಿಯುತ್ತ ಪಾರ್ಕಿಂಗ್ ತಲುಪುತ್ತದೆ, ವಾಚ್‌ಮನ್ ಎದ್ದು ಸಲಾಮು ಹೊಡೆಯುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ಅವ್ವ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು. ನನ್ನ ಕಲೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡೆ, ಕತ್ತೆ!

ಆಮೇಲೆ ಮನೆಯಲ್ಲಿ ಆದ ಬದಲಾವಣೆ ನನಗೆ ಬಹಳ ದಿನ ಗೊತ್ತೇ ಆಗಲಿಲ್ಲ. ರೊಟ್ಟಿ ಬಡಿಯುವಾಗ ಅವ್ವ ಹಾಡುತ್ತಿದ್ದಳು, ಬರೀ ಬಡಿಯುವ ಸಪ್ಪಳ ಉಳಿಯಿತು. ತಂಬೂರಿಗೆ ಗವಸಣಿಗೆ ಹಾಕಿ ಕಪಾಟಿನ ಹಿಂದೆ ನಿಲ್ಲಿಸಿದಳು. ಕೇಳಿದರೆ "ವಯಸ್ಸಾತು, ದನಿ ಹೋತು" ಎಂದಳು. ಐವತ್ತನಾಲ್ಕು ಒಂದು ವಯಸ್ಸೇ? ನಾನು ಅದನ್ನೂ ನಂಬಿದೆ. ಬೇರೆ ಊರಿಗೆ ಹೋದಾಗಲೆಲ್ಲ ಲಿಫ್ಟಿನ ಐಟಂ ಮಾಡಿ ಚಪ್ಪಾಳೆ ಗಿಟ್ಟಿಸಿದೆ.

ಈ ವರ್ಷ, ಒಂದು ಶನಿವಾರ, ಅವ್ವ ತಂಬೂರಿಯನ್ನು ಹೊರಗೆ ತಂದಿಟ್ಟಳು. ಓಣಿಯ ಭಜನಾ ಮಂಡಳಿಗೆ ಕೊಟ್ಟುಬಿಡುವುದಂತೆ. ಸಂಜೆ ಆರಕ್ಕೆ ಮಂಡಳಿಯ ಮುಖ್ಯ ಹೆಂಗಸು, ಬಾಯಿಯವರು, ಬಂದು ಒಯ್ಯುವುದಂತೆ. "ಹೊಸಾ ತಂತಿ ಯಾವು ಹಾಕಬೇಕು, ನಿಮ್ಮ ಕಾಕಾನ್ನ ಕೇಳಿ ತೊಗೊಂಡ ಬಾ. ಕೊಡೂದು ಕೊಡ್ತೀವಿ, ಹೊಂದಿಸಿ ಕೊಡೂಣು" ಎಂದಳು. ಕೊಂಢವಾಕ್ಕೆ ಹೋದೆ.

"ಯಾಕ ಕೊಡಾಕತ್ತಾರ ವೈನಿ?" ಕಾಕಾ ಸಿತಾರೊಂದರ ಮೇಲಿಂದ ತಲೆ ಎತ್ತದೆ ಕೇಳಿದರು. ವೈನಿ ಎಂದರೆ ಅತ್ತಿಗೆ, ನಮ್ಮ ಅವ್ವ.

"ದನಿ ಹೋಗ್ಯದ ಕಾಕಾ. ಹಾಡಿದ್ರ ಇಳೀತಾಳ."

"ಇಳೀತಾಳ ಅಂದ್ರ?"

"ಮಾಡಿ ತೋರಸಲೇನು?"

ಅವಕಾಶ ಸಿಕ್ಕಿದರೆ ಬಿಡುವವನೇ ನಾನು! ನಿಂತು, ಲಿಫ್ಟು ಗಿಫ್ಟು ಬಿಟ್ಟು, ಶುದ್ಧ ನಕಲು ಮಾಡಿದೆ. ಮೂಗಿನಲ್ಲಿ ತಂಬೂರಿಯ ನಾಲ್ಕು ತಂತಿ, ಅದರ ಬೆನ್ನಿಗೆ ಅವ್ವನ ಒಂದು ಸಾಲು, ಮತ್ತೆ ತಂಬೂರಿ, ಮತ್ತೆ ಅವ್ವ. ನನ್ನಲ್ಲಿ ಬೇರೆ ಯಾವ ಪ್ರಾಮಾಣಿಕತೆಯೂ ಇಲ್ಲ, ಇದೊಂದಿದೆ. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುತ್ತೇನೆ, ಒಂದು ಕೂದಲೂ ಬಿಡದೆ.

ಕಾಕಾ ನಗಲಿಲ್ಲ. ಉಜ್ಜುತ್ತಿದ್ದ ಕಾನಸನ್ನು ಕೆಳಗಿಟ್ಟರು.

"ಇನ್ನೊಮ್ಮೆ ಮಾಡು."

ಮಾಡಿದೆ.

"ಯಾರು ಮದಲ ಇಳದ್ರು?"

"ಹಂಗಂದ್ರ?"

"ತಂಬೂರಿ ಮದಲ ಇಳೀತೋ, ವೈನಿ ಮದಲ ಇಳದ್ರೋ? ನಿನ್ನ ಬಾಯಾಗ ಎರಡೂ ಅದಾವ. ಮಾಡಕೋತ ಕೇಳು. ಹುಟ್ಟಿದಾಗಿಂದ ಬರೇ ಮಾಡಿದಿ, ಒಮ್ಮೆ ಕೇಳು!"

ಮೂರನೇ ಸಲ ಮಾಡಿದೆ, ಮೆಲ್ಲಗೆ, ನನಗೇ. ಮೂಗಿನಲ್ಲಿ ತಂಬೂರಿ ಒಂದಿಷ್ಟು ಜಾರಿತು. ಆಮೇಲೆ, ಒಂದು ಉಸಿರು ಕಳೆದು, ಅವ್ವ ಅದನ್ನು ಹುಡುಕಿಕೊಂಡು ಅಲ್ಲಿಗೇ ಹೋದಳು. ಮತ್ತೆ ತಂಬೂರಿ ಜಾರಿತು. ಮತ್ತೆ ಅವ್ವ ಹಿಂದೆ ಹೋದಳು. ಒಮ್ಮೆಯೂ ಅವಳು ಮೊದಲು ಇಳಿಯಲಿಲ್ಲ. ಮೂರು ವರ್ಷ ನನ್ನ ಬಾಯಲ್ಲೇ ಇತ್ತು ಇದು. ನೂರಾರು ಜನ ಕೇಳಿ ನಕ್ಕಿದ್ದರು.

"ಖುಂಟಿಗೆ ಏನು ಹಚ್ಚೀರಿ?" ಎಂದರು ಕಾಕಾ.

"ತೆಂ... ತೆಂಗಿನೆಣ್ಣಿ."

"ಯಾರು?"

ಆಗ ಅಂಗಡಿಯಲ್ಲಿ ವಯೊಲಿನ್ ಹಿಡಿದ ಒಬ್ಬ ಗಿರಾಕಿ ಇದ್ದರು. ಅವರು ಸಾಕ್ಷಿ ಹೇಳಬಲ್ಲರು, ಟೈಲ್ಸಿನವನ ಮಷೀನು ತಾನಾಗಿ ನಿಂತಿತು. ಕಾಕಾ ನನ್ನ ಏಳು ತಲೆಮಾರು ಬೈಯಲಿಲ್ಲ, ಅವು ಅವರವೂ ಹೌದಲ್ಲ! ನನ್ನೊಬ್ಬನನ್ನೇ ಬೈದರು, ಕೂಲಂಕಷವಾಗಿ. ಹತ್ಯಾರಗಳ ಚೀಲ ಹೆಗಲಿಗೇರಿಸಿದರು, ಗಿರಾಕಿಯನ್ನು ಹೊರಗೆ ಹಾಕಿ ಶಟರ್ ಎಳೆದರು. ನುಡಿಸುವವರೇ ವಾದ್ಯ ತರಬೇಕೆಂಬ ನಿಯಮವನ್ನು ನಾನು ನೆನಪಿಸಲು ಹೋಗಲಿಲ್ಲ.

ಕೊಂಢವಾದಿಂದ ಹಡಪಸರದವರೆಗೆ ನನ್ನ ಸ್ಕೂಟರಿನ ಹಿಂದೆ ಕೂತು ಬೈದರು. ಒಂದು ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಕನಿಕರದಿಂದ, "ಕಾಯ್ ಝಾಲಂ ಕಾಕಾ?" ಏನಾಯಿತು ಎಂದು ಕೇಳಿದ.

"ಹ್ಯಾನೇ ಆಈಚಾ ಗಳಾ ದಾಬಲಾ!" ಇವನು ತಾಯಿಯ ಕುತ್ತಿಗೆ ಹಿಸುಕಿದ ಎಂದು ಕಾಕಾ ಗುಡುಗಿದರು.

ಸಿಗ್ನಲ್ ಬಿಟ್ಟರೂ ಆ ಬೈಕಿನವನು ಕದಲಲಿಲ್ಲ. ನನ್ನ ಗಾಡಿಯ ನಂಬರು ಬರೆದುಕೊಳ್ಳುತ್ತಿದ್ದ.

ಮನೆ ಮುಟ್ಟಿದಾಗ ಎರಡು ಗಂಟೆ. ತಂಬೂರಿ ಗವಸಣಿಗೆ ತೊಟ್ಟು, ಊರಿಗೆ ಹೊರಟವರಂತೆ ಬಾಗಿಲ ಪಕ್ಕ ನಿಂತಿತ್ತು. ಅಪ್ಪ ಅಂಗಡಿಯಲ್ಲಿದ್ದರು. ಅವ್ವ ಗಾಬರಿಯಾದಳು. "ಭಾವಜಿ! ಹಿಂಗ ಒಮ್ಮಿಂದೊಮ್ಮೆಲೆ? ಕೂಡ್ರಿ, ತಾಟ ಹಾಕ್ತೀನಿ."

"ಊಟಾ ಆಮ್ಯಾಲ ವೈನಿ." ಕಾಕಾ ನೆಲದ ಮೇಲೆ ಕೂತು, ಗವಸಣಿಗೆ ಬಿಚ್ಚಿ, ಒಂದು ಖುಂಟಿ ಕಿತ್ತು ಮೂಸಿದರು. ಮಾತಾಡದೆ ನನ್ನ ಮೂಗಿಗೂ ಹಿಡಿದರು. ಮೂರು ವರ್ಷದ ಕಮಟು ವಾಸನೆ.

ಮೂರೂವರೆ ತಾಸು. ಸ್ಪಿರಿಟ್ಟಿನಿಂದ ಖುಂಟಿ ಒರೆಸಿದರು, ತೂತು ಒರೆಸಿದರು, ಕಾನಸು ಆಡಿಸಿದರು, ಹಿಡಿತ ಬರಲೆಂದು ಸೀಮೆಸುಣ್ಣದ ಖಡು ತಿಕ್ಕಿದರು. ಕುದುರೆಯ ಮೇಲೆ ತಂತಿ ಕೊರೆದ ಗಟಾರಗಳನ್ನು ಉಜ್ಜಿ, ನುಡಿಸಿ, ಮತ್ತೆ ಉಜ್ಜಿ, ಮತ್ತೆ ನುಡಿಸಿದರು. ನಾನು ತಂಬೂರಿಯ ಕುತ್ತಿಗೆ ಹಿಡಿದು ಅಲುಗಾಡದೆ ಕೂಡಬೇಕೆಂದು ಶಿಕ್ಷೆ. ಕಾಲು ಜುಮ್ಮೆಂದು, ಜುಮ್ಮೆನ್ನುವುದೂ ನಿಂತು, ನನ್ನವಲ್ಲದಂತಾದವು. ಕೊನೆಗೆ ಹತ್ತಿ ನೂಲಿನ ನಾಲ್ಕು ಸಣ್ಣ ತುಂಡು ಕತ್ತರಿಸಿ, ಒಂದೊಂದು ತಂತಿಯ ಕೆಳಗೂ ಕುದುರೆಯ ಮೇಲೆ ಸಿಕ್ಕಿಸಿ, ಅಕ್ಕಿಕಾಳಿನಷ್ಟು ಹಿಂದೆ ಮುಂದೆ ಸರಿಸತೊಡಗಿದರು. ಈ ನೂಲಿನೆಳೆಗೆ ಅವರ ಕಸಬಿನಲ್ಲಿ ಜೀವಾ ಎನ್ನುತ್ತಾರೆ. ಒಂದು ಕಡೆ ಬಂದಾಗ ತಂತಿ ಇದ್ದಕ್ಕಿದ್ದಂತೆ ಕಣ್ಣು ಬಿಟ್ಟಿತು. ಒಂದು ತಂತಿಯೊಳಗಿಂದ ಹತ್ತು ದನಿ ಎದ್ದು, ಕೋಣೆ ತುಂಬಿ, ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳು ಸಣ್ಣಗೆ ಕಂಪಿಸಿದವು.

ಬಾಗಿಲಿಗೆ ಒರಗಿ ನಿಂತಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಬರ್ರಿ ವೈನಿ. ಹಾಡ್ರಿ."

"ನನ್ನ ದನಿ ಹೋಗ್ಯದ ಭಾವಜಿ. ಮಂಡಳಿಯವರು ಹಾಡ್ತಾರ ತೊಗೋರಿ."

"ದನಿ ಎಲ್ಲಿ ಹೋಗ್ತದ? ಹಾಲಿಗೆ ಹೋಗ್ಯದೇನು?"

"ಮಂದಿ ನಗ್ತಾರ."

"ನಗೂ ಮಂದಿಗೆ ಬೆಂಕಿ ಹಚ್ಚಲಿ!" ಎಂದು ಕಾಕಾ ನೆಲ ಗುದ್ದಿದರು. ಆಮೇಲೆ ಆ ಮನುಷ್ಯನ ದನಿ, ನಾನು ಎಂದೂ ಕದಿಯಲಾಗದ ಒಂದು ದನಿ, ಮೆತ್ತಗಾಯಿತು. "ಹಾಡೂದೂ ಬ್ಯಾಡ್ರಿ ವೈನಿ. ಬರೇ ಸಾ ಹಚ್ರಿ. ನನಗ ತಂಬೂರಿ ನೋಡೂದದ. ನಿಮ್ಮನ್ನಲ್ಲ."

ತಂಬೂರಿ ನೋಡಲಿಕ್ಕೆ ಎಂದಾಗ ಅವ್ವ ಬಂದು ಕೂತಳು. ಕೈ ಒರೆಸಿಕೊಂಡು ತಂಬೂರಿಯನ್ನು ಹೆಗಲಿಗಾನಿಸಿದಳು. ಬೆರಳು ಎಳೆದಳು. ಸಾ ಹಚ್ಚಿದಳು. ಮೂರು ವರ್ಷದ ಧೂಳು ಹಿಡಿದ ದನಿ ಮೊದಲು ಒಡೆಯಿತು, ಕೆಮ್ಮಿದಳು, ಮತ್ತೆ ಹಚ್ಚಿದಳು. ನನ್ನೊಳಗಿನ ದರಿದ್ರ ನಕಲುಗಾರ ಕಿವಿ ನಿಮಿರಿಸಿಕೊಂಡು ಕಾದ: ಈಗ ಆರನೇ ಮಹಡಿ, ಈಗ ಐದನೆಯದು. ಫೋನಿನಲ್ಲಿ ಶ್ರುತಿ ತೋರಿಸುವ ಮುಳ್ಳು ಇಟ್ಟುಕೊಂಡು ಕೂತಿದ್ದೆ. ಮುಳ್ಳು ಕದಲಲಿಲ್ಲ. ಅವ್ವ ತಾನಾಗಿಯೇ ಒಂದು ದೇವರ ನಾಮ ಎತ್ತಿಕೊಂಡಳು. ಒಂದನೇ ನುಡಿ, ಎರಡನೆಯದು, ಮೂರನೆಯದು. ಎಲ್ಲಿ ಹತ್ತಿದ್ದಳೋ ಅಲ್ಲೇ ಇದ್ದಳು.

ಆರು ಗಂಟೆಗೆ ಮಂಡಳಿಯ ಬಾಯಿಯವರು ಬಂದರು. ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರದೆ, ಹಾಡು ಮುಗಿಯುವವರೆಗೂ ನಿಂತರು. ನಾನು ಎದ್ದು ಹೋದರೆ, "ರಾಹೂ ದ್ಯಾ" ಎಂದು, ಇರಲಿ ಬಿಡಿ ಎಂದು, ಮತ್ತೆ ಚಪ್ಪಲಿ ಮೆಟ್ಟಿ ಹೊರಟುಹೋದರು.

ಕಾಕಾ ಹೊಗಳಲಿಲ್ಲ. ಅದು ಅವರಿಗೆ ಬರುವುದಿಲ್ಲ. ತಣ್ಣಗಾದ ಅನ್ನವನ್ನು ಸಾರಿನಲ್ಲಿ ಕಲಸುತ್ತ, "ಎಂಟು ದಿನಾ ಬಿಟ್ಟು ಮತ್ತ ಬರ್ತೀನಿ. ತಂತಿ ಇನ್ನೂ ಕೂಡಬೇಕು" ಎಂದಷ್ಟೇ ಹೇಳಿ, ಉಣ್ಣುತ್ತಲೇ ನನ್ನನ್ನು ಬೈಯುವುದನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಕೇಳಿಸಿಕೊಂಡೆ. ಆದರೆ ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೆ ಕಾಕಾನಿಗಿಂತ ಹೆಚ್ಚು ಸಿಟ್ಟು ಬಂದಿತ್ತು, ನನ್ನ ಮೇಲೆ, ನಕ್ಕವರ ಮೇಲೆ, ಹಾರ್ಮೋನಿಯಮ್ಮಿನವರ ಮೇಲೆ, ಕೊನೆಗೆ ಅವ್ವನ ಮೇಲೂ! ಕಣ್ಣೆದುರಿಗೇ ಎಣ್ಣೆ ಹಚ್ಚಿದ್ದೆ. ಅಂದಿನಿಂದಲೇ ದನಿ ಇಳಿಯಿತು. ನಲವತ್ತು ವರ್ಷ ತಂಬೂರಿ ಹಿಡಿದವಳು, ಅಷ್ಟೂ ತಿಳಿಯದವಳೇ?

"ಅವ್ವಾ" ಎಂದೆ, ಬೈಯುವ ದನಿಯಲ್ಲೇ, "ಮೂರು ವರ್ಷದಾಗ ಒಮ್ಮೆರೆ ನಿನಗ ಆ ಖುಂಟೀ ಮ್ಯಾಲ ಸಂಶಯ ಬರಲಿಲ್ಲೇನು?"

ಅವ್ವ ತಂಬೂರಿಯ ತಂತಿಗಳನ್ನು ಅಂಗೈಯಿಂದ ಸುಮ್ಮನಾಗಿಸಿ, ನನ್ನ ಕಡೆ ನೋಡಿದಳು.

"ಹಚ್ಚಿದಾಂವ ನೀನ ಅಲ್ಲೇನಪಾ? ಸಂಶಯ ಮಾಡೂದಿದ್ರ ಮದಲ ನನ್ನ ಗಂಟಲದ ಮ್ಯಾಲ ಮಾಡ್ತೀನಿ, ನಿನ್ನ ಕೈ ಮ್ಯಾಲ ಯಾಕ ಮಾಡ್ಲಿ?"